ಕೈಲಿ ಒಂದು ಆರ್‌ಎನ್‌ಎ ಸೀಕ್ವೆನ್ಸ್ ಇದೆ, ಯಾವ ಪ್ರೋಗ್ರಾಮಿಗೆ ಕೊಡೋದು?

ನಾನು ಕಂಪ್ಯೂಟರಿನಲ್ಲಿ ಮೊದಲ ಸಲ ಮಡಿಸಿದ ಆರ್‌ಎನ್‌ಎ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಆರ್‌ಎನ್‌ಎ ಅಂದರೆ ಎ, ಸಿ, ಜಿ, ಯು ಅನ್ನುವ ನಾಲ್ಕು ಅಕ್ಷರಗಳ ಎಳೆ. ಅದರ ಅಕ್ಷರಗಳು ತಮ್ಮತಮ್ಮಲ್ಲೇ ಜೋಡಿಯಾಗಿ ಎಳೆ ಮಡಿಸಿಕೊಳ್ಳುತ್ತದೆ, ಆ ಮಡಿಕೆಯನ್ನು ಊಹಿಸುವ ಪ್ರೋಗ್ರಾಮುಗಳ ಮಾತು ಇದು. ಬ್ಯಾಕ್ಟೀರಿಯಾ ಒಂದರ ಥಯಾಮಿನ್ ಜೀನ್ ಇದೆಯಲ್ಲ, ಅದು ಶುರುವಾಗುವುದಕ್ಕೆ ಮುಂಚಿನ ನೂರೈವತ್ತು ಅಕ್ಷರಗಳನ್ನು ಡೇಟಾಬೇಸಿನಿಂದ ಕಾಪಿ ಮಾಡಿ ಆರ್‌ಎನ್‌ಎಫೋಲ್ಡ್ ಅನ್ನುವ ಮಡಿಸುವ ಪ್ರೋಗ್ರಾಮಿನ ವೆಬ್‌ಸೈಟಿಗೆ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಬಂತು. ಮೂರು ಕವಲು, ನಡುವೆ ಅಚ್ಚುಕಟ್ಟಾದ ಲೂಪ್, ಕೆಂಪು-ಹಸಿರು ಬಣ್ಣ ಬೇರೆ. ಅದನ್ನೇ ಸ್ಲೈಡಿಗೆ ಅಂಟಿಸಿ ಲ್ಯಾಬ್ ಮೀಟಿಂಗಿನಲ್ಲಿ ಹತ್ತು ನಿಮಿಷ ಮಾತಾಡಿದೆ. ಹಿಂದಿನ ಸಾಲಿನಲ್ಲಿದ್ದ ಸೀನಿಯರ್ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವ ಎಳೆ ಮಾರಾಯ?"

ಡಿಎನ್‌ಎಗೆ ಎದುರುಬದುರಾದ ಎರಡು ಎಳೆ, ಪ್ಲಸ್ ಮತ್ತು ಮೈನಸ್. ಜೀನ್ ಇದ್ದದ್ದು ಮೈನಸ್ ಎಳೆಯಲ್ಲಿ. ನಾನು ಹಾಕಿದ್ದು ಪ್ಲಸ್ ಎಳೆ. ಜೀವಕೋಶ ಅಂಥ ಆರ್‌ಎನ್‌ಎಯನ್ನು ತಯಾರಿಸುವುದೇ ಇಲ್ಲ.

ಪ್ರೋಗ್ರಾಮ್ ಯಾಕೆ ಗೊಣಗಲಿಲ್ಲ? ಅದರ ಕೆಲಸವೇ ಅದು. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಡಿಎನ್‌ಎ ಅಕ್ಷರ ಕೊಟ್ಟರೆ ಟಿ ಇದ್ದಲ್ಲೆಲ್ಲ ತಾನೇ ಯು ಮಾಡಿಕೊಳ್ಳುತ್ತದೆ. ಉಲ್ಟಾ ಎಳೆ ಕೊಟ್ಟರೂ ಮಡಿಸುತ್ತದೆ. ಕಣ್ಣು ಮುಚ್ಚಿ ಕೀಬೋರ್ಡ್ ಮೇಲೆ ಎ, ಸಿ, ಜಿ, ಯು ಕುಟ್ಟಿದರೂ ಮಡಿಸಿ ಕೊಡುತ್ತದೆ, ಅಷ್ಟೇ ಚಂದದ ಚಿತ್ರದ ಜೊತೆ. ಉಲ್ಟಾ ಎಳೆಯ ವಿಷಯದಲ್ಲಿ ಇನ್ನೊಂದು ಮೋಸವಿದೆ. ಜಿ-ಸಿ ಜೋಡಿ ಉಲ್ಟಾ ಆದರೂ ಜಿ-ಸಿ ಜೋಡಿಯೇ, ಎ-ಯು ಕೂಡ ಹಾಗೇ. ಹಾಗಾಗಿ ಚಿತ್ರ ಕನ್ನಡಿಯಲ್ಲಿ ಕಂಡ ಮುಖದಂತೆ ಹೆಚ್ಚುಕಡಿಮೆ ಸರಿಯೇ ಕಾಣುತ್ತದೆ. ಕೈಕೊಡುವುದು ಜಿ-ಯು ಜೋಡಿ. ಆರ್‌ಎನ್‌ಎಯಲ್ಲಿ ಜಿ ಮತ್ತು ಯು ಸಡಿಲವಾಗಿ ಕೈ ಹಿಡಿಯುತ್ತವೆ. ಉಲ್ಟಾ ಎಳೆಯಲ್ಲಿ ಅದು ಎ-ಸಿ ಆಗುತ್ತದೆ, ಎ-ಸಿ ಸೇರುವುದಿಲ್ಲ. ನನ್ನ ಚಿತ್ರದಲ್ಲಿ ಎರಡು ಕಡೆ ಉಬ್ಬು ಬಂದದ್ದು ಅದಕ್ಕೇ. ಆ ಉಬ್ಬಿನ ಬಗ್ಗೆಯೇ ನಾನು ಮೂರು ನಿಮಿಷ ವಿವರಿಸಿದ್ದೆ.

ಈಗ ಜನ ನನ್ನನ್ನು ಕೇಳುವುದು ಬೇರೆ ಪ್ರಶ್ನೆ. "ಆರ್‌ಎನ್‌ಎಫೋಲ್ಡ್ ಒಳ್ಳೇದಾ, ಎಟರ್ನಾಫೋಲ್ಡ್ ಒಳ್ಳೇದಾ? ಇಲ್ಲ ಸೀದಾ ಆಲ್ಫಾಫೋಲ್ಡ್ 3ಕ್ಕೆ ಕೊಟ್ಟುಬಿಡೋದಾ?" ನಾನು ತಿರುಗಿ ಕೇಳುತ್ತೇನೆ: ನಿಮ್ಮ ಕೈಲಿ ಏನಿದೆ? ಒಂದೇ ಸೀಕ್ವೆನ್ಸಾ, ಅದರ ನೆಂಟರೂ, ಅಂದರೆ ಬೇರೆ ಜೀವಿಗಳಲ್ಲಿರುವ ಅದೇ ಆರ್‌ಎನ್‌ಎಗಳೂ, ಇದ್ದಾರಾ? ಎಷ್ಟು ಉದ್ದ? ಲ್ಯಾಬಿನಲ್ಲಿ ಏನಾದರೂ ಅಳೆದಿದ್ದೀರಾ? ಯಾವ ಟೂಲ್ ಅನ್ನುವುದು ಈ ಉತ್ತರಗಳ ಮೇಲೆ ನಿಂತಿದೆ, ಯಾವುದು ಹೊಸದು ಅನ್ನುವುದರ ಮೇಲೆ ಅಲ್ಲ.

ಮೊದಲು ಲೆಕ್ಕ ಹೇಗೆ ನಡೆಯುತ್ತೆ ನೋಡೋಣ

ಇದನ್ನು ಒಮ್ಮೆ ಕೈಯಲ್ಲೇ ಮಾಡಿದರೆ ಎಲ್ಲ ಟೂಲ್‌ಗಳ ಮೇಲಿನ ಭಯವೂ ಹೋಗುತ್ತದೆ, ಅತಿಯಾದ ಭಕ್ತಿಯೂ ಹೋಗುತ್ತದೆ.

ಹನ್ನೆರಡು ಅಕ್ಷರದ ಆರ್‌ಎನ್‌ಎ ತಗೊಳ್ಳಿ: ನಾಲ್ಕು ಜಿ, ನಾಲ್ಕು ಎ, ನಾಲ್ಕು ಸಿ. ಮಡಿಸಿದರೆ ಜಿಗಳು ಸಿಗಳ ಜೊತೆ ಕೂಡಿ, ಎಗಳು ತುದಿಯಲ್ಲಿ ಲೂಪ್ ಆಗಿ ಉಳಿಯುತ್ತವೆ. ಬರೆಯುವುದು ಹೀಗೆ: ((((....)))). ಬ್ರಾಕೆಟ್ ಅಂದರೆ ಜೋಡಿ, ಚುಕ್ಕಿ ಅಂದರೆ ಒಂಟಿ. ಜೋಡಿಗಳು ಮೆಟ್ಟಿಲಿನಂತೆ ಒಂದರ ಮೇಲೊಂದು ಕೂರುತ್ತವೆ. ನಾಲ್ಕು ಜೋಡಿಗೆ ಮೂರು ಮೆಟ್ಟಿಲು. ಜಿ-ಸಿ ಮೇಲೆ ಜಿ-ಸಿ ಕೂತರೆ ಒಂದು ಮೆಟ್ಟಿಲಿಗೆ ಸುಮಾರು -3.3 ಕಿಲೋಕ್ಯಾಲರಿ ಲಾಭ. ಮೂರಕ್ಕೆ -9.9. ಎಳೆಯನ್ನು ಬಗ್ಗಿಸಿ ನಾಲ್ಕಕ್ಷರದ ಲೂಪ್ ಮಾಡುವುದಕ್ಕೆ ದಂಡ +5.6. ಲೂಪಿನ ಬುಡದಲ್ಲಿ ಎದುರುಬದುರು ಕೂತ ಎರಡು ಎಗಳು ಸ್ವಲ್ಪ ಆಸರೆ ಕೊಡುತ್ತವೆ, -1.1. ಕೂಡಿ: -5.4. ಆರ್‌ಎನ್‌ಎಫೋಲ್ಡ್‌ಗೆ ಕೊಟ್ಟು ನೋಡಿ, ಅದೂ -5.4 ಅಂತಲೇ ಹೇಳುತ್ತದೆ. ಅದೇ ನಾಲ್ಕು ಜೋಡಿ ಎ-ಯು ಆಗಿದ್ದರೆ ಮೆಟ್ಟಿಲಿಗೆ -0.9 ಅಷ್ಟೇ. ಲೂಪಿನ ದಂಡ ಕಟ್ಟುವಷ್ಟೂ ಲಾಭ ಇಲ್ಲ. ಎಳೆ ಮಡಿಸದೆ ಹಾಗೇ ಬಿಚ್ಚಿಕೊಂಡಿರುತ್ತದೆ.

ಈ -3.3, +5.6 ಎಲ್ಲ ಬಂದದ್ದು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಡಗ್ಲಸ್ ಟರ್ನರ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಪುಟ್ಟ ಪುಟ್ಟ ಆರ್‌ಎನ್‌ಎಗಳನ್ನು ಕಾಯಿಸಿ, ಯಾವ ಬಿಸಿಗೆ ಬಿಚ್ಚಿಕೊಳ್ಳುತ್ತದೆ ಅಂತ ಅಳೆದದ್ದರಿಂದ. ಅಳತೆ ಮಾಡಿದ್ದು 1 ಮೋಲಾರ್ ಉಪ್ಪಿನ ನೀರಿನಲ್ಲಿ, ಲೆಕ್ಕ ಹಾಕಿದ್ದು 37 ಡಿಗ್ರಿಗೆ. ಜೀವಕೋಶದೊಳಗೆ ಅಷ್ಟು ಉಪ್ಪಿಲ್ಲ. ಬದಲಿಗೆ ಮೆಗ್ನೀಸಿಯಮ್ ಇದೆ, ಎಳೆಗೆ ಅಂಟಿಕೊಳ್ಳುವ ಪ್ರೋಟೀನುಗಳಿವೆ. ಗಿಡದ ಆರ್‌ಎನ್‌ಎಯನ್ನು 37 ಡಿಗ್ರಿಯಲ್ಲೇ ಮಡಿಸಿ ಪೇಪರ್ ಬರೆದವರನ್ನು ನೋಡಿದ್ದೇನೆ. ಉಷ್ಣತೆ ಬದಲಿಸುವ ಆಯ್ಕೆ ಅದೇ ಪುಟದಲ್ಲಿರುತ್ತದೆ, ಒಮ್ಮೆ ಕೆಳಗೆ ಸ್ಕ್ರೋಲ್ ಮಾಡಬೇಕು ಅಷ್ಟೆ.

ಉದ್ದದ ಎಳೆಯಲ್ಲಿ ಸಾಧ್ಯವಿರುವ ಮಡಿಕೆಗಳನ್ನು ಒಂದೊಂದಾಗಿ ಎಣಿಸುತ್ತಾ ಕೂತರೆ ಆಯಸ್ಸು ಸಾಲದು. 1981ರಲ್ಲಿ ಮೈಕೆಲ್ ಜೂಕರ್ ಮತ್ತು ಪ್ಯಾಟ್ರಿಕ್ ಸ್ಟೀಗ್ಲರ್ ಚಿಕ್ಕ ತುಂಡುಗಳ ಉತ್ತರ ಜೋಡಿಸಿ ದೊಡ್ಡದರ ಉತ್ತರ ಪಡೆಯುವ ದಾರಿ ತೋರಿಸಿದರು. ಅತಿ ಕಡಿಮೆ ಎನರ್ಜಿಯ ಒಂದು ಮಡಿಕೆ ಸಿಕ್ಕಿತು. 1990ರಲ್ಲಿ ಜಾನ್ ಮೆಕಾಸ್ಕಿಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಒಂದೇ ಮಡಿಕೆ ಯಾಕೆ, ಎಲ್ಲ ಮಡಿಕೆಗಳನ್ನೂ ತೂಗಿ, ಯಾವ ಅಕ್ಷರ ಯಾವುದರ ಜೊತೆ ಜೋಡಿಯಾಗುವ ಸಾಧ್ಯತೆ ಎಷ್ಟು ಅಂತ ಹೇಳಬಹುದು ಅಂದರು. ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ಉಪಯೋಗದ್ದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೆಂಟರಿದ್ದಾರಾ? ಮೊದಲು ಅಲ್ಲಿಗೆ ಹೋಗಿ

ಹೆಚ್ಚಿನವರು ಇದನ್ನು ಕೊನೆಗೆ ಮಾಡುತ್ತಾರೆ. ಮೊದಲು ಮಾಡಬೇಕಾದದ್ದು ಇದೇ.

1965ರಲ್ಲಿ ರಾಬರ್ಟ್ ಹೋಲಿ ಮತ್ತು ತಂಡ ಯೀಸ್ಟಿನ ಅಲನೀನ್ ಟಿಆರ್‌ಎನ್‌ಎಯ (ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊತ್ತು ತರುವ ಸಣ್ಣ ಆರ್‌ಎನ್‌ಎ) 77 ಅಕ್ಷರಗಳನ್ನು ಓದಿ ಮುಗಿಸಿದರು. ಒಂದು ಗ್ರಾಂ ಟಿಆರ್‌ಎನ್‌ಎಗೆ 140 ಕಿಲೋ ಯೀಸ್ಟ್ ಬೇಕಾಗಿತ್ತಂತೆ. ಓದಿದ್ದಾಯಿತು, ಆಕಾರ ಯಾವುದು? ಅವರು ಮೂರು ಬೇರೆ ಬೇರೆ ಮಡಿಕೆಗಳನ್ನು ಮುಂದಿಟ್ಟರು. ಅದರಲ್ಲಿ ಒಂದು ಮೂರೆಲೆಯ ಸೊಪ್ಪಿನ ಹಾಗಿತ್ತು. ಒಂದೇ ಸೀಕ್ವೆನ್ಸ್ ಇಟ್ಟುಕೊಂಡು ಯಾವುದು ಸರಿ ಅಂತ ಹೇಳಲು ಆಗಲಿಲ್ಲ. ಮುಂದೆ ಬೇರೆ ಟಿಆರ್‌ಎನ್‌ಎಗಳ ಸೀಕ್ವೆನ್ಸ್ ಬಂದಾಗ ಎಲ್ಲಕ್ಕೂ ಹೊಂದಿದ್ದು ಆ ಮೂರೆಲೆಯೇ. 1974ರಲ್ಲಿ ಎಕ್ಸ್-ರೇ ಹಾಯಿಸಿ ನೋಡಿದ ಕ್ರಿಸ್ಟಲ್ ರಚನೆ ಬಂದು ಅದು ಖಾತ್ರಿಯಾಯಿತು.

ನೆಂಟರು ಹೇಗೆ ಸಾಕ್ಷಿ ಹೇಳುತ್ತಾರೆ? ಅಂಗಿಯ ಗುಂಡಿ ಮತ್ತು ಕಾಜಾ ನೆನೆಸಿಕೊಳ್ಳಿ. ದೊಡ್ಡ ಗುಂಡಿ ಹೊಲಿದರೆ ದರ್ಜಿ ಕಾಜಾವನ್ನೂ ದೊಡ್ಡದು ಮಾಡುತ್ತಾನೆ. ಆರ್‌ಎನ್‌ಎಯಲ್ಲೂ ಅಷ್ಟೆ. ಒಂದು ಜೀವಿಯಲ್ಲಿ 10ನೇ ಜಾಗದಲ್ಲಿ ಜಿ, 25ರಲ್ಲಿ ಸಿ ಇದೆ. ಅದರ ದಾಯಾದಿಯಲ್ಲಿ 10ರಲ್ಲಿ ಎ ಬಂದಿದೆ, 25ರಲ್ಲಿ ಯು ಬಂದಿದೆ. ಇನ್ನೊಂದರಲ್ಲಿ ಸಿ ಮತ್ತು ಜಿ. ಅಕ್ಷರ ಎರಡೂ ಬದಲಾದವು, ಜೋಡಿ ಮಾತ್ರ ಉಳಿಯಿತು. ಒಂದು ಕಡೆ ಬದಲಾದಾಗಲೆಲ್ಲ ಇನ್ನೊಂದು ಕಡೆಯೂ ಬದಲಾಗಿದೆ ಅಂದರೆ ಆ ಎರಡು ಜಾಗ ಒಂದಕ್ಕೊಂದು ಕೈ ಹಿಡಿದಿವೆ, ಕೈ ಬಿಟ್ಟರೆ ಜೀವಿಗೆ ನಷ್ಟ ಅಂತ ಅರ್ಥ. ಇದನ್ನು ಕೊವೇರಿಯೇಷನ್ ಅನ್ನುತ್ತಾರೆ. ಎನರ್ಜಿ ಲೆಕ್ಕವೇ ಇಲ್ಲದೆ, ಬರೀ ಇದರಿಂದ ರೈಬೋಸೋಮ್ (ಜೀವಕೋಶದ ಪ್ರೋಟೀನ್ ತಯಾರಿಸುವ ಯಂತ್ರ) ಆರ್‌ಎನ್‌ಎಯ ನಕ್ಷೆ ಬಿಡಿಸಿದ್ದರು. ಕಾರ್ಲ್ ವೂಸ್, ಹ್ಯಾರಿ ನೋಲರ್ ಶುರು ಮಾಡಿದ ಕೆಲಸವನ್ನು ರಾಬಿನ್ ಗಟೆಲ್ ವರ್ಷಗಟ್ಟಲೆ ತಿದ್ದುತ್ತಾ ಬಂದರು. 2000ದಲ್ಲಿ ಕ್ರಿಸ್ಟಲ್ ರಚನೆಗಳು ಬಂದಾಗ ಹೋಲಿಸಿ ನೋಡಿದರೆ, ಅವರು ಹೇಳಿದ್ದ ಜೋಡಿಗಳಲ್ಲಿ ನೂರಕ್ಕೆ 97-98 ಸರಿ ಇದ್ದವು. ಒಂಟಿ ಸೀಕ್ವೆನ್ಸ್ ಮಡಿಸುವ ಯಾವ ಪ್ರೋಗ್ರಾಮೂ ಈ ಅಂಕದ ಹತ್ತಿರ ಸುಳಿಯುವುದಿಲ್ಲ.

ಹಾಗಾಗಿ ಮೊದಲ ಬಾಗಿಲು ಆರ್‌ಫ್ಯಾಮ್. 2003ರಲ್ಲಿ ಶುರುವಾದ ಈ ಸಂಗ್ರಹದಲ್ಲಿ ಈಗ 4,000ಕ್ಕೂ ಜಾಸ್ತಿ ಆರ್‌ಎನ್‌ಎ ಕುಟುಂಬಗಳಿವೆ. ಹುಡುಕುವ ಪ್ರೋಗ್ರಾಮ್ ಇನ್ಫರ್ನಲ್, ಷಾನ್ ಎಡ್ಡಿ ಮತ್ತು ಎರಿಕ್ ನವ್ರೋಕಿ ಅವರದು. ಅಕ್ಷರ ಹೊಂದುತ್ತದೆಯೇ ಅಂತ ಮಾತ್ರ ಅದು ನೋಡುವುದಿಲ್ಲ, ಜೋಡಿ ಉಳಿದಿದೆಯೇ ಅಂತಲೂ ನೋಡುತ್ತದೆ. ಬರೀ ಅಕ್ಷರ ಹೋಲಿಸಿ ಹುಡುಕುವ ಬ್ಲಾಸ್ಟ್‌ನಲ್ಲಿ ಏನೂ ಸಿಗದ ಸೀಕ್ವೆನ್ಸ್ ಇಲ್ಲಿ ಸಿಕ್ಕಿದ್ದನ್ನು ಬೇಕಾದಷ್ಟು ಸಲ ಕಂಡಿದ್ದೇನೆ. ಸಿಕ್ಕಿತು ಅಂದರೆ ರಚನೆ, ಕೆಲಸ ಎರಡೂ ಒಟ್ಟಿಗೆ ಗೊತ್ತಾಯಿತು. ಮಡಿಸುವ ಪ್ರೋಗ್ರಾಮಿನ ಅಗತ್ಯವೇ ಅನೇಕ ಸಲ ಬೀಳುವುದಿಲ್ಲ. ಟಿಆರ್‌ಎನ್‌ಎ ಹುಡುಕುವುದಿದ್ದರೆ ಟಿಆರ್‌ಎನ್‌ಎಸ್ಕ್ಯಾನ್-ಎಸ್‌ಇ, ಬೇರೆ ಯೋಚನೆ ಬೇಡ.

ಆರ್‌ಫ್ಯಾಮ್‌ನಲ್ಲಿ ಸಿಗಲಿಲ್ಲ, ಆದರೆ ಹತ್ತಾರು ಜೀವಿಗಳಿಂದ ಅದೇ ಭಾಗ ಸಿಕ್ಕಿದೆ ಅಂದರೆ ಆರ್‌ಎನ್‌ಎಅಲಿಫೋಲ್ಡ್ ಅಥವಾ ಟರ್ಬೋಫೋಲ್ಡ್ ಬಳಸಿ. ಎಲ್ಲ ಸೀಕ್ವೆನ್ಸೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಉಪಯೋಗ ಇಲ್ಲ, ಅಕ್ಷರವೇ ಬದಲಾಗದಿದ್ದರೆ ಸಾಕ್ಷಿ ಎಲ್ಲಿಂದ ಬರಬೇಕು? ತೀರಾ ದೂರದ ನೆಂಟರಾದರೆ ಒಂದರ ಕೆಳಗೊಂದು ಜೋಡಿಸುವುದೇ ತಪ್ಪುತ್ತದೆ. ಬಂದ ರಚನೆಯನ್ನು ಆರ್-ಸ್ಕೇಪ್‌ಗೆ ಹಾಕಿ ನೋಡದೆ ನಂಬಬೇಡಿ. ಈ ಬದಲಾವಣೆಗಳು ಸುಮ್ನೆ ವಂಶಾವಳಿಯಿಂದ ಬಂದವಾ, ನಿಜವಾಗಿ ಜೋಡಿಯಿಂದ ಬಂದವಾ ಅಂತ ಅದು ಬೇರ್ಪಡಿಸಿ ಹೇಳುತ್ತದೆ. 2017ರಲ್ಲಿ ಅದು ಬಂದಾಗ ಸಣ್ಣ ಗಲಾಟೆಯೇ ಆಯಿತು. ಹಾಟ್‌ಏರ್ ಮುಂತಾದ ಹೆಸರುವಾಸಿ ಉದ್ದದ ಆರ್‌ಎನ್‌ಎಗಳಿಗೆ ಪ್ರಕಟವಾಗಿದ್ದ ರಚನೆಗಳ ಹಿಂದೆ ಕೊವೇರಿಯೇಷನ್ ಸಾಕ್ಷಿ ಇಲ್ಲ ಅಂತ ಅದನ್ನು ಬರೆದವರು ತೋರಿಸಿದರು.

ಒಂದೇ ಸೀಕ್ವೆನ್ಸ್, ನೆಂಟರೂ ಇಲ್ಲ

ಇಲ್ಲಿಗೆ ಬಂದ ಮೇಲೆಯೇ ಆರ್‌ಎನ್‌ಎಫೋಲ್ಡ್ ಪ್ರಶ್ನೆ. ವಿಯೆನ್ನಾ ವಿಶ್ವವಿದ್ಯಾಲಯದವರ ವಿಯೆನ್ನಾಆರ್‌ಎನ್‌ಎ ಪ್ಯಾಕೇಜಿನ ಭಾಗ ಅದು. 1994ರಿಂದ ಇದೆ. ರಾಚೆಸ್ಟರಿನ ಡೇವಿಡ್ ಮ್ಯಾಥ್ಯೂಸ್ ತಂಡದ ಆರ್‌ಎನ್‌ಎಸ್ಟ್ರಕ್ಚರ್ ಇನ್ನೊಂದು. ಎರಡರ ಒಳಗೂ ಇರುವುದು ಟರ್ನರ್ ಅಂಕಿಗಳೇ. ಉತ್ತರವೂ ಬಹುಪಾಲು ಒಂದೇ. ಕಮಾಂಡ್ ಲೈನ್, ಪೈಥಾನ್, ಸಾವಿರಾರು ಸೀಕ್ವೆನ್ಸ್ ಒಟ್ಟಿಗೆ ಅಂದರೆ ವಿಯೆನ್ನಾ ಸುಲಭ. ವಿಂಡೋಸ್‌ನಲ್ಲಿ ಮೌಸ್ ಹಿಡಿದು ಮಾಡುವವರಿಗೆ, ಅಥವಾ ಲ್ಯಾಬ್ ಅಳತೆ ಸೇರಿಸಬೇಕಾದವರಿಗೆ ಆರ್‌ಎನ್‌ಎಸ್ಟ್ರಕ್ಚರ್ ಹಿತ. ಇದರಲ್ಲಿ ತಲೆಕೆಡಿಸಿಕೊಳ್ಳುವುದು ಏನೂ ಇಲ್ಲ.

ಎಷ್ಟು ನಂಬಬಹುದು? 700 ಅಕ್ಷರದೊಳಗಿನ, ರಚನೆ ಗೊತ್ತಿರುವ ಆರ್‌ಎನ್‌ಎಗಳ ಮೇಲೆ ಮ್ಯಾಥ್ಯೂಸ್ ತಂಡ ನೋಡಿದಾಗ ಸರಾಸರಿ ನೂರಕ್ಕೆ 73 ಜೋಡಿ ಸರಿ ಸಿಕ್ಕಿದವು. 1,500 ಅಕ್ಷರದ 16ಎಸ್ ರೈಬೋಸೋಮ್ ಆರ್‌ಎನ್‌ಎಗಳ ಮೇಲೆ ಬೇರೆಯವರು ನೋಡಿದಾಗ ಇದು ನೂರಕ್ಕೆ 41ಕ್ಕೆ ಇಳಿಯಿತು. ಅಂದರೆ ಉದ್ದ ಹೆಚ್ಚಿದಷ್ಟೂ ನಾಣ್ಯ ಚಿಮ್ಮಿದ ಹಾಗೆ.

ಅದಕ್ಕೇ ಹೇಳಿದ್ದು, ಒಂದೇ ಚಿತ್ರ ನೋಡಬೇಡಿ, ಸಾಧ್ಯತೆ ನೋಡಿ ಅಂತ. 37 ಡಿಗ್ರಿಯಲ್ಲಿ 1.4 ಕಿಲೋಕ್ಯಾಲರಿ ವ್ಯತ್ಯಾಸ ಅಂದರೆ ಒಂದು ಮಡಿಕೆ ಇನ್ನೊಂದಕ್ಕಿಂತ 10 ಪಟ್ಟು ಜಾಸ್ತಿ. ಅರ್ಧ ಕಿಲೋಕ್ಯಾಲರಿ ವ್ಯತ್ಯಾಸ ಇರುವ ಎರಡು ಮಡಿಕೆ ಬಂದರೆ ಯಾವುದು ಗೆದ್ದಿತು ಅಂತ ಹೇಳುವುದು ಕಷ್ಟ, ಯಾಕೆಂದರೆ ಟರ್ನರ್ ಅಂಕಿಗಳಲ್ಲೇ ಅಷ್ಟು ಆಚೀಚೆ ಇದೆ. ಚಿತ್ರದಲ್ಲಿ 0.9 ಮೇಲೆ ಸಾಧ್ಯತೆ ಇರುವ ಕಾಂಡಗಳನ್ನು (ಸಾಲಾಗಿ ಕೂತ ಜೋಡಿಗಳನ್ನು) ನಾನು ಗಂಭೀರವಾಗಿ ತಗೊಳ್ಳುತ್ತೇನೆ. 0.4, 0.5 ಇರುವ ಕಡೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕುತ್ತೇನೆ.

ಇನ್ನೊಂದು ಅಗ್ಗದ ಪರೀಕ್ಷೆ: ಸೀಕ್ವೆನ್ಸಿನ ಎರಡೂ ಬದಿಗೆ ಮೂವತ್ತು ಅಕ್ಷರ ಸೇರಿಸಿ ಮತ್ತೆ ಮಡಿಸಿ. ನಿಮ್ಮ ಪ್ರೀತಿಯ ಹೇರ್‌ಪಿನ್ (ಒಂದು ಕಾಂಡ, ಅದರ ತುದಿಯಲ್ಲಿ ಲೂಪ್) ಉಳಿಯಿತಾ? ಉಳಿದರೆ ಒಳ್ಳೆಯ ಲಕ್ಷಣ. ಕರಗಿ ಹೋದರೆ, ಅದು ನೀವು ಕತ್ತರಿ ಹಾಕಿದ ಜಾಗದಿಂದ ಹುಟ್ಟಿದ ಆಕಾರ. ಸೀಕ್ವೆನ್ಸಿಂಗ್‌ಗಾಗಿ ತುದಿಗೆ ಅಂಟಿಸಿದ ಅಡಾಪ್ಟರ್ ತುಂಡನ್ನು ಕತ್ತರಿಸದೆ ಮಡಿಸುವವರೂ ಇದ್ದಾರೆ, ಅವರಿಗೆ ಏನು ಹೇಳುವುದು.

ಎಟರ್ನಾಫೋಲ್ಡ್ ಕಥೆ ಸ್ವಲ್ಪ ಬೇರೆ, ನನಗೆ ಇಷ್ಟವಾದದ್ದು ಕೂಡ. ಎಟರ್ನಾ ಅನ್ನುವುದು ಒಂದು ಆನ್‌ಲೈನ್ ಆಟ. ಆಡುವವರು ಕೊಟ್ಟ ಆಕಾರಕ್ಕೆ ಮಡಿಸುವಂಥ ಆರ್‌ಎನ್‌ಎ ಸೀಕ್ವೆನ್ಸ್ ಬರೆಯಬೇಕು. ಅದರಲ್ಲಿ ಕೆಲವನ್ನು ಸ್ಟ್ಯಾನ್‌ಫರ್ಡ್‌ನ ಲ್ಯಾಬಿನಲ್ಲಿ ನಿಜವಾಗಿ ತಯಾರಿಸಿ ಮಡಿಸಿ ನೋಡುತ್ತಾರೆ. ಹಾಗೆ ಕೂಡಿಬಿದ್ದ ಸಾವಿರಾರು ಅಳತೆಗಳಿಂದ ಕಲಿಸಿದ ಪ್ರೋಗ್ರಾಮ್ ಇದು, ಪ್ರಕಟವಾದದ್ದು 2022ರಲ್ಲಿ. ಹಳೆಯ ಕಾಂಟ್ರಾಫೋಲ್ಡ್‌ನ ಮೇಲೆ ಕಟ್ಟಿದ್ದು. ಜೋಡಿ ಸಾಧ್ಯತೆಯ ಲೆಕ್ಕದಲ್ಲಿ ಇದು ಆರ್‌ಎನ್‌ಎಫೋಲ್ಡ್‌ಗಿಂತ ಒಂದು ಕೈ ಮೇಲು. ಎಂಆರ್‌ಎನ್‌ಎ (ಪ್ರೋಟೀನಿನ ಸಂದೇಶ ಹೊರುವ ಆರ್‌ಎನ್‌ಎ), ಕೈಯಿಂದ ವಿನ್ಯಾಸ ಮಾಡಿದ ಆರ್‌ಎನ್‌ಎ ಆದರೆ ನಾನು ಮೊದಲು ಇದನ್ನೇ ಹಾಕುತ್ತೇನೆ. ಆದರೆ ಇದು ಕಿಲೋಕ್ಯಾಲರಿಯಲ್ಲಿ ನಿಜವಾದ ಎನರ್ಜಿ ಕೊಡುವುದಿಲ್ಲ. ಪ್ರೈಮರ್, ಪ್ರೋಬ್ ಥರದ ಅಂಟುವ ಸಣ್ಣ ತುಂಡುಗಳಿಗೆ ಎನರ್ಜಿ ಬೇಕಾದವರು ಟರ್ನರ್ ಅಂಕಿಗಳ ಹತ್ತಿರವೇ ಉಳಿಯಬೇಕು.

ಗಂಟು ಬಿದ್ದಿದೆಯಾ?

ಬ್ರಾಕೆಟ್ ಬರೆಯುವಾಗ ಒಂದು ಷರತ್ತು ಬಚ್ಚಿಟ್ಟಿದ್ದೆ. ಬ್ರಾಕೆಟ್‌ಗಳು ಒಂದನ್ನೊಂದು ದಾಟುವ ಹಾಗಿಲ್ಲ. ನಿಜದ ಆರ್‌ಎನ್‌ಎ ಈ ನಿಯಮ ಪಾಲಿಸುವುದಿಲ್ಲ. ಹೇರ್‌ಪಿನ್ನಿನ ಲೂಪಿನಲ್ಲಿರುವ ಅಕ್ಷರಗಳು ಹೊರಗೆ ದೂರದಲ್ಲಿರುವ ಅಕ್ಷರಗಳ ಕೈ ಹಿಡಿಯುತ್ತವೆ. ಇದನ್ನು ಸ್ಯೂಡೋನಾಟ್ ಅನ್ನುತ್ತಾರೆ, ಹುಸಿಗಂಟು ಅಂದುಕೊಳ್ಳಿ.

ಕೋವಿಡ್ ವೈರಸ್ಸಿನಲ್ಲೇ ಒಂದಿದೆ. ಅದರ ಜೀನೋಮ್ 29,903 ಅಕ್ಷರ. ಸುಮಾರು 13,462ನೇ ಅಕ್ಷರದ ಹತ್ತಿರ ಯುಯುಯುಎಎಎಸಿ ಅನ್ನುವ ಜಾರುವ ಜಾಗ, ಅದು ಮುಗಿದ ಸ್ವಲ್ಪದರಲ್ಲೇ ಮೂರು ಕಾಂಡದ ಹುಸಿಗಂಟು. ರೈಬೋಸೋಮ್ ಅಲ್ಲಿ ಎಡವಿ ಒಂದು ಅಕ್ಷರ ಹಿಂದಕ್ಕೆ ಜಾರುತ್ತದೆ. ಜಾರಿದರೆ ಮಾತ್ರ ವೈರಸ್ಸಿಗೆ ತನ್ನ ಜೀನೋಮ್ ನಕಲು ಮಾಡುವ ಪ್ರೋಟೀನ್ ಸಿಗುತ್ತದೆ. ಈ ತುಂಡನ್ನು ಆರ್‌ಎನ್‌ಎಫೋಲ್ಡ್‌ಗೆ ಕೊಟ್ಟರೆ ಗಂಟು ಬರುವುದಿಲ್ಲ. ತಪ್ಪು ಅದರದಲ್ಲ, ಗಂಟು ನೋಡಲು ಅದಕ್ಕೆ ಕಲಿಸಿಯೇ ಇಲ್ಲ.

ಯಾಕೆ ಕಲಿಸಿಲ್ಲ? ಗಂಟಿಲ್ಲದಿದ್ದರೆ ಉದ್ದ ಎರಡು ಪಟ್ಟಾದಾಗ ಸಮಯ ಎಂಟು ಪಟ್ಟು. ಗಂಟುಗಳನ್ನು ಸೇರಿಸಿ 1999ರಲ್ಲಿ ಎಲೆನಾ ರಿವಾಸ್ ಮತ್ತು ಷಾನ್ ಎಡ್ಡಿ ಕೊಟ್ಟ ವಿಧಾನದಲ್ಲಿ ಅದು 64 ಪಟ್ಟು. ಎಲ್ಲ ಬಗೆಯ ಗಂಟಿಗೂ ಬಾಗಿಲು ತೆರೆದರೆ ಲೆಕ್ಕ ಮುಗಿಯುವುದೇ ಇಲ್ಲ. ಐಪಿನಾಟ್, ಪಿಕಿಸ್, ಹಾಟ್‌ನಾಟ್ಸ್ ಇಂಥವು ಕೆಲವೇ ಬಗೆಯ ಗಂಟುಗಳನ್ನು, ಅಥವಾ ಅಂದಾಜು ದಾರಿಯಲ್ಲಿ, ಹುಡುಕುತ್ತವೆ. ನಾನು ಶುರು ಮಾಡುವುದು ಐಪಿನಾಟ್‌ನಿಂದ, ವೇಗ ಇದೆ. ಗಂಟು ಹುಡುಕುವ ಪ್ರೋಗ್ರಾಮಿಗೆ ಕೊಟ್ಟರೆ ಗಂಟು ಇಲ್ಲದಲ್ಲೂ ಕಾಣಿಸಿಕೊಳ್ಳುತ್ತದೆ, ಇದು ನೆನಪಿರಲಿ. ಎರಡು ಬೇರೆ ಪ್ರೋಗ್ರಾಮ್ ಒಂದೇ ಗಂಟು ಹೇಳಿದರೆ ಮಾತ್ರ ಮುಂದಿನ ಹೆಜ್ಜೆ.

ತೀರಾ ಉದ್ದವಾಗಿದ್ದರೆ

ಆರ್‌ಎನ್‌ಎಫೋಲ್ಡ್ ವೆಬ್‌ಸೈಟ್ ಸಾಧ್ಯತೆ ಲೆಕ್ಕಕ್ಕೆ 7,500 ಅಕ್ಷರದವರೆಗೆ ತಗೊಳ್ಳುತ್ತದೆ. ಅದಕ್ಕಿಂತ ಉದ್ದವಾದರೆ 2019ರ ಲೀನಿಯರ್‌ಫೋಲ್ಡ್, ಅದರ ತಮ್ಮ ಲೀನಿಯರ್‌ಪಾರ್ಟಿಷನ್. ಎಡದಿಂದ ಬಲಕ್ಕೆ ಓದುತ್ತಾ, ಪ್ರತಿ ಹೆಜ್ಜೆಗೂ ಚೆನ್ನಾಗಿ ಕಾಣುವ ನೂರು ಸಾಧ್ಯತೆಗಳನ್ನು ಇಟ್ಟುಕೊಂಡು ಉಳಿದದ್ದು ಬಿಸಾಡುತ್ತದೆ. ಕೋವಿಡ್ ವೈರಸ್ಸಿನ ಇಡೀ ಜೀನೋಮಿಗೆ 55 ನಿಮಿಷ ಬೇಕಿದ್ದದ್ದು 27 ಸೆಕೆಂಡಿಗೆ ಇಳಿಯಿತು ಅಂತ ಅದನ್ನು ಮಾಡಿದವರು 2020ರಲ್ಲಿ ಹೇಳಿದ್ದರು. ವೇಗದ ಬಗ್ಗೆ ನನಗೆ ತಕರಾರಿಲ್ಲ. ಆದರೆ 30,000 ಅಕ್ಷರದ ಎಳೆಯ ಈ ತುದಿ ಆ ತುದಿಗೆ ಸೇರುತ್ತದೆ ಅನ್ನುವ ಭವಿಷ್ಯವನ್ನು ನಂಬುವುದು ಬೇರೆ ಮಾತು. ನನಗೆ ಬೇಕಾದದ್ದು ಯಾವ ಜಾಗ ಬಿಚ್ಚಿಕೊಂಡಿದೆ ಅನ್ನುವುದಷ್ಟೇ ಆದರೆ ಆರ್‌ಎನ್‌ಎಪಿಎಲ್‌ಫೋಲ್ಡ್ ಸಾಕು. ಅದು ಕಿಟಕಿಯೊಂದನ್ನು ಸರಿಸುತ್ತಾ ಹೋಗಿ ಅಕ್ಕಪಕ್ಕದ ಜೋಡಿಗಳನ್ನಷ್ಟೇ ನೋಡುತ್ತದೆ.

ಡೀಪ್ ಲರ್ನಿಂಗ್: ಗೈಡ್ ಬಾಯಿಪಾಠ ಮಾಡಿದ ಹುಡುಗ

ಸ್ಪಾಟ್-ಆರ್‌ಎನ್‌ಎ 2019ರಲ್ಲಿ, ಎಂಎಕ್ಸ್‌ಫೋಲ್ಡ್2 2021ರಲ್ಲಿ, ಯುಫೋಲ್ಡ್ 2022ರಲ್ಲಿ ಬಂದವು. ಪೇಪರಿನಲ್ಲಿ ಅಂಕ ನೋಡಿದರೆ ಹಳಬರೆಲ್ಲ ಮನೆಗೆ ಹೋಗಬೇಕು. ಆದರೆ ಪರೀಕ್ಷೆ ಹೇಗೆ ನಡೆಯಿತು ಅಂತ ನೋಡಬೇಕು, ಅಲ್ವಾ? ರಚನೆ ಗೊತ್ತಿರುವ ಆರ್‌ಎನ್‌ಎಗಳಲ್ಲಿ ಬಹುಪಾಲು ಕೆಲವೇ ಮನೆತನದವು: ಟಿಆರ್‌ಎನ್‌ಎ, ರೈಬೋಸೋಮ್ ಆರ್‌ಎನ್‌ಎ, ಇನ್ನು ಕೆಲವು. ಕಲಿಸಲು ಕೊಟ್ಟದ್ದೂ ಟಿಆರ್‌ಎನ್‌ಎ, ಪರೀಕ್ಷೆಗೆ ಬಂದದ್ದೂ ಇನ್ನೊಂದು ಟಿಆರ್‌ಎನ್‌ಎ. ಅಕ್ಷರ ಸ್ವಲ್ಪ ಬೇರೆ, ಆಕಾರ ಅದೇ. ಗೈಡ್ ಬಾಯಿಪಾಠ ಮಾಡಿದ ಹುಡುಗ ಕೂಡ ಇಲ್ಲಿ ಫಸ್ಟ್ ಕ್ಲಾಸ್. ಇಡೀ ಮನೆತನವನ್ನೇ ಪಾಠದಿಂದ ಹೊರಗಿಟ್ಟು ಪರೀಕ್ಷೆ ಮಾಡಿದಾಗ ಅಂಕ ದಡಕ್ಕನೆ ಬೀಳುತ್ತದೆ ಅಂತ 2022ರಲ್ಲೇ ಒಂದು ಅಧ್ಯಯನ ತೋರಿಸಿತು.

ಇವುಗಳಲ್ಲಿ ಒಂದನ್ನು ಆರಿಸು ಅಂದರೆ ನಾನು ಎಂಎಕ್ಸ್‌ಫೋಲ್ಡ್2 ಅನ್ನುತ್ತೇನೆ. ಅದು ಕಲಿತದ್ದನ್ನು ಟರ್ನರ್ ಅಂಕಿಗಳ ಜೊತೆ ಬೆರೆಸುತ್ತದೆ, ತೀರಾ ದಾರಿ ತಪ್ಪುವುದಿಲ್ಲ. ನಿಮ್ಮ ಸೀಕ್ವೆನ್ಸ್ ಗೊತ್ತಿರುವ ಮನೆತನದ್ದಾದರೆ ಈ ಹೊಸ ಟೂಲ್‌ಗಳು ಚೆನ್ನಾಗಿ ಮಾಡುತ್ತವೆ, ಆದರೆ ಆಗ ಆರ್‌ಫ್ಯಾಮ್ ಆಗಲೇ ಉತ್ತರ ಹೇಳಿರುತ್ತದೆ. ಹೊಸ ಮನೆತನದ್ದಾದರೆ ಇವು ಯಾವಾಗ ಎಡವುತ್ತವೆ ಅಂತ ಗೊತ್ತಾಗುವುದಿಲ್ಲ. ಕೋಟಿಗಟ್ಟಲೆ ಸೀಕ್ವೆನ್ಸ್ ಓದಿ ಕಲಿತ ಆರ್‌ಎನ್‌ಎ-ಎಫ್‌ಎಂ, ರಿನಾಲ್ಮೋ ಮುಂತಾದ ಭಾಷಾ ಮಾದರಿಗಳು ಈ ವಿಷಯದಲ್ಲಿ ಸ್ವಲ್ಪ ಸುಧಾರಿಸಿವೆ. ನಾನಿನ್ನೂ ಅವುಗಳನ್ನು ಎರಡನೇ ಅಭಿಪ್ರಾಯಕ್ಕೆ ಮಾತ್ರ ಕೇಳುತ್ತೇನೆ.

ಲ್ಯಾಬ್ ಅಳತೆ ಇದ್ದರೆ

ಇದಕ್ಕಿಂತ ದೊಡ್ಡ ಲಾಭ ಇನ್ನಾವುದರಲ್ಲೂ ಇಲ್ಲ, ಹಾಗಾಗಿ ಚಿಕ್ಕದಾಗಿ ಹೇಳಿದರೂ ಗಟ್ಟಿಯಾಗಿ ಹೇಳುತ್ತೇನೆ. ಶೇಪ್ ಅನ್ನುವ ವಿಧಾನದಲ್ಲಿ ಒಂದು ರಾಸಾಯನಿಕ, ಜೋಡಿಯಾಗದೆ ಅಲುಗಾಡುವ ಅಕ್ಷರಗಳಿಗೆ ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಎಷ್ಟು ಅಂಟಿತು ಅನ್ನುವ ಪಟ್ಟಿಯನ್ನು ಪ್ರೋಗ್ರಾಮಿಗೆ ಕೊಟ್ಟರೆ ಅದು ಎನರ್ಜಿ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. 2009ರಲ್ಲಿ ಕೆವಿನ್ ವೀಕ್ಸ್ ಮತ್ತು ಮ್ಯಾಥ್ಯೂಸ್ ತಂಡಗಳು ಇ. ಕೋಲೈ ಬ್ಯಾಕ್ಟೀರಿಯಾದ 16ಎಸ್ ಆರ್‌ಎನ್‌ಎ ಮೇಲೆ ಇದನ್ನು ಮಾಡಿದವು. ಬರೀ ಎನರ್ಜಿಯಿಂದ ಅರ್ಧದಷ್ಟು ಸರಿ ಬರುತ್ತಿದ್ದದ್ದು ನೂರಕ್ಕೆ 95 ದಾಟಿತು. ಆರ್‌ಎನ್‌ಎಸ್ಟ್ರಕ್ಚರ್, ಆರ್‌ಎನ್‌ಎಫೋಲ್ಡ್ ಎರಡೂ ಈ ಪಟ್ಟಿ ತಗೊಳ್ಳುತ್ತವೆ. ಹೊಸ ಸಾಫ್ಟ್‌ವೇರ್ ಹುಡುಕುತ್ತಾ ಕಳೆಯುವ ತಿಂಗಳನ್ನು ಈ ಒಂದು ಪ್ರಯೋಗಕ್ಕೆ ಕೊಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಬಯೋಇನ್ಫರ್ಮ್ಯಾಟಿಕ್ಸ್‌ನವನೇ ಹೀಗೆ ಹೇಳಬೇಕಾದ್ದು ಸ್ವಲ್ಪ ಮುಜುಗರದ ವಿಷಯ, ಆದರೂ.

ಮೂರು ಆಯಾಮದ ಆಕಾರ ಬೇಕು ಅನ್ನುವವರಿಗೆ

ಪ್ರೋಟೀನಿನ ಆಕಾರ ಊಹಿಸುವುದರಲ್ಲಿ ಆಲ್ಫಾಫೋಲ್ಡ್ ಮಾಡಿದ ಜಾದೂ ನೋಡಿ ಆರ್‌ಎನ್‌ಎಗೂ ಅದೇ ಆಗುತ್ತದೆ ಅಂತ ಎಲ್ಲರಿಗೂ ಆಸೆ. ಕಲಿಸಲು ಉದಾಹರಣೆ ಬೇಕಲ್ಲ? ರಚನೆಗಳ ಜಾಗತಿಕ ಭಂಡಾರ ಪಿಡಿಬಿಯಲ್ಲಿ ಬರೀ ಆರ್‌ಎನ್‌ಎ ಇರುವ ರಚನೆಗಳು ನೂರಕ್ಕೆ ಒಂದರ ಆಸುಪಾಸು. ರಚನೆ ಊಹಿಸುವವರ ಸ್ಪರ್ಧೆ ಕ್ಯಾಸ್ಪ್‌ನ 2022ರ 15ನೇ ಸುತ್ತಿನಲ್ಲಿ ಮೊದಲ ಸಲ ಆರ್‌ಎನ್‌ಎಗಳನ್ನೂ ಇಟ್ಟರು, 12 ಗುರಿಗಳು. ಗೆದ್ದದ್ದು ಪರಿಣತರು ಕೈಯಿಟ್ಟು ತಿದ್ದಿದ ಮಾದರಿಗಳು, ಡೀಪ್ ಲರ್ನಿಂಗ್ ಅಲ್ಲ. 2024ರಲ್ಲಿ ಬಂದ ಆಲ್ಫಾಫೋಲ್ಡ್ 3 ಕೂಡ ಆ ಗುರಿಗಳ ಮೇಲೆ ಅತ್ಯುತ್ತಮ ಪರಿಣತ ತಂಡವನ್ನು ಮುಟ್ಟಲಿಲ್ಲ ಅಂತ ಅದನ್ನು ಮಾಡಿದವರೇ ಬರೆದಿದ್ದಾರೆ.

ಹಾಗಂತ ಬೇಡ ಅನ್ನುವುದಿಲ್ಲ. ಆರ್‌ಎನ್‌ಎ ಜೊತೆ ಪ್ರೋಟೀನೂ ಇದ್ದರೆ ಆಲ್ಫಾಫೋಲ್ಡ್ ಸರ್ವರ್ ಮೊದಲ ಆಯ್ಕೆ. ಬಳಸಲು ದುಡ್ಡು ಕೊಡಬೇಕಿಲ್ಲ, ಆದರೆ ವ್ಯಾಪಾರದ ಕೆಲಸಕ್ಕೆ ಬಳಸುವ ಹಾಗಿಲ್ಲ. ಕಂಪನಿಯಲ್ಲಿರುವವರು ಷರತ್ತು ಓದಿಯೇ ಮುಂದುವರಿಯಿರಿ. ಜೋಡಿಗಳು ಆಗಲೇ ಖಾತ್ರಿಯಾಗಿದ್ದು ಸಣ್ಣ ಆರ್‌ಎನ್‌ಎ ಆದರೆ ಆರ್‌ಎನ್‌ಎಕಂಪೋಸರ್ ಸಾಕಾಗುತ್ತದೆ, ಬ್ರಾಕೆಟ್ ಕೊಟ್ಟರೆ ಆಕಾರ ಕಟ್ಟಿಕೊಡುತ್ತದೆ. ಯಾವುದೇ ಆದರೂ ಬಂದ ಆಕಾರದಲ್ಲಿ ನಿಮಗೆ ಮೊದಲೇ ಗೊತ್ತಿದ್ದ ಜೋಡಿಗಳು ಇವೆಯಾ ಅಂತ ಎಣಿಸಿ. ಇಲ್ಲದಿದ್ದರೆ ಆ ಬಣ್ಣಬಣ್ಣದ ರಿಬ್ಬನ್ ಗೋಡೆಗೆ ಹಾಕಲು ಚೆನ್ನ.

ಕೆಲಸ ಏನು ಅಂತ ಗೊತ್ತಾಗಬೇಕಾದರೆ

ಇಲ್ಲಿ ಮಡಿಕೆ ಒಂದೇ ಸಾಲದು. ಚೆನ್ನಾಗಿ ಮಡಿಸಿತು, ಹಾಗಾಗಿ ಇದಕ್ಕೆ ಏನೋ ಕೆಲಸ ಇದೆ ಅನ್ನುವ ವಾದ ನಿಲ್ಲುವುದಿಲ್ಲ ಅಂತ ರಿವಾಸ್ ಮತ್ತು ಎಡ್ಡಿ 2000ದಲ್ಲೇ ತೋರಿಸಿದ್ದರು. ಪರೀಕ್ಷೆ ಸುಲಭ: ಅಕ್ಷರಗಳನ್ನು ಸಾವಿರ ಸಲ ಕಲಸಿ ಮಡಿಸಿ, ನಿಮ್ಮದು ಅವಕ್ಕಿಂತ ಎಷ್ಟು ಬಿಗಿ ನೋಡಿ. ಕಲಸುವಾಗ ಪಕ್ಕಪಕ್ಕದ ಎರಡೆರಡು ಅಕ್ಷರಗಳ ಎಣಿಕೆ ಕೆಡಬಾರದು, ಯಾಕೆಂದರೆ ಮೆಟ್ಟಿಲಿನ ಎನರ್ಜಿ ನಿಂತಿರುವುದೇ ಪಕ್ಕದವರ ಮೇಲೆ. ಇದರಲ್ಲಿ ಸಲೀಸಾಗಿ ಪಾಸಾಗುವುದು ಮೈಕ್ರೋಆರ್‌ಎನ್‌ಎಗಳ (ಜೀನ್‌ಗಳ ಸದ್ದಡಗಿಸುವ ಪುಟ್ಟ ಆರ್‌ಎನ್‌ಎಗಳು) ಹೇರ್‌ಪಿನ್. ಹೆಚ್ಚಿನ ಉಳಿದವು ಫೇಲು.

ಮೈಕ್ರೋಆರ್‌ಎನ್‌ಎ ಯಾವ ಜೀನ್ ಹಿಡಿಯುತ್ತದೆ ಅನ್ನುವುದಕ್ಕೆ ಪ್ರಾಣಿಗಳಲ್ಲಿ ಟಾರ್ಗೆಟ್‌ಸ್ಕ್ಯಾನ್. ಅದರ ಎರಡರಿಂದ ಏಳನೇ ಅಕ್ಷರ ಎಲ್ಲಿ ಹೊಂದುತ್ತದೆ, ಆ ಜಾಗ ಬೇರೆ ಪ್ರಾಣಿಗಳಲ್ಲೂ ಉಳಿದಿದೆಯಾ ಅಂತ ನೋಡುತ್ತದೆ. ಬ್ಯಾಕ್ಟೀರಿಯಾದ ಸಣ್ಣ ಆರ್‌ಎನ್‌ಎ ಆದರೆ ಇಂಟಾಆರ್‌ಎನ್‌ಎ. ಎರಡು ಎಳೆ ಸೇರುವ ಲಾಭದಿಂದ, ಮೊದಲೇ ಮಡಿಸಿಕೊಂಡಿದ್ದನ್ನು ಬಿಚ್ಚುವ ಖರ್ಚು ಕಳೆದು ಹೇಳುತ್ತದೆ. ಸಣ್ಣ ಅಣುವೊಂದನ್ನು ಹಿಡಿದು ಜೀನ್ ಆನ್-ಆಫ್ ಮಾಡುವ ರೈಬೋಸ್ವಿಚ್ ಅನ್ನುವುವು ಇನ್ನೂ ತರಲೆ. ಅವುಗಳ ಕೆಲಸವೇ ಎರಡು ಆಕಾರಗಳ ನಡುವೆ ಹೊರಳುವುದು. ಒಂದೇ ಉತ್ತಮ ಮಡಿಕೆ ಕೇಳಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಆರ್‌ಎನ್‌ಎಸಬಾಪ್ಟ್‌ನಿಂದ ಎರಡನೇ, ಮೂರನೇ ಮಡಿಕೆಗಳನ್ನೂ ತೆಗೆಸಿ ನೋಡಬೇಕು.

ಆ ಲ್ಯಾಬ್ ಮೀಟಿಂಗ್ ಮುಗಿದ ಮೇಲೆ ಸೀನಿಯರ್ ನನ್ನ ಪಕ್ಕ ಕೂತು, ಅದೇ ಉಲ್ಟಾ ಸೀಕ್ವೆನ್ಸನ್ನು ಏನೂ ತಿದ್ದದೆ ಇನ್ಫರ್ನಲ್‌ನ ಸಿಎಂಸ್ಕ್ಯಾನ್‌ಗೆ ಹಾಕಿದರು. ಅದು ಎರಡೂ ಎಳೆಗಳನ್ನು ತಾನೇ ನೋಡುತ್ತದೆ. ಒಂದು ಸಾಲು ಬಂತು: ಆರ್‌ಎಫ್00059, ಟಿಪಿಪಿ ರೈಬೋಸ್ವಿಚ್. ಥಯಾಮಿನ್, ಅಂದರೆ ವಿಟಮಿನ್ ಬಿ1ರಿಂದ ಬರುವ ಟಿಪಿಪಿಯನ್ನು ಹಿಡಿದು ಜೀನ್ ಆಫ್ ಮಾಡುವ ಆರ್‌ಎನ್‌ಎ, ಇಂಥದ್ದು ಇದೆ ಅಂತ 2002ರಿಂದ ಜಗತ್ತಿಗೆಲ್ಲ ಗೊತ್ತು. ಕ್ರಿಸ್ಟಲ್ ರಚನೆ ಕೂಡ 2006ರಲ್ಲೇ ಬಂದಿದೆ. ಎಳೆಯ ಕಾಲಮ್ಮಿನಲ್ಲಿ ಒಂದು ಪುಟ್ಟ ಮೈನಸ್ ಗುರುತಿತ್ತು. ಅವರು ಅದರ ಮೇಲೆ ಬೆರಳಿಟ್ಟು, ಏನೂ ಹೇಳದೆ, ಕಾಫಿಗೆ ಎದ್ದು ಹೋದರು.